ನಮ್ಮ ಗೋಡೆಗೆ ಬರೆದ ಸಾಬ್ರು

ಅವರ ಬಲಗೈ ಕಿರುಬೆರಳಿಗೆ ಉಗುರು ಇರಲಿಲ್ಲ. ಗೋಡೆಯ ಮೇಲೆ ಬರೆಯುವಾಗ ಕೈ ನಡುಗಬಾರದೆಂದು ಆ ಬೆರಳನ್ನು ಗೋಡೆಗೆ ಊರಿ, ಅದರ ಆಧಾರದ ಮೇಲೆ ಬ್ರಷ್ಷನ್ನು ತಿರುಗಿಸುತ್ತಿದ್ದರು. ಮೂವತ್ತು ವರ್ಷ ಒರಟು ಗೋಡೆಗಳನ್ನು ಉಜ್ಜಿ ಉಜ್ಜಿ ಬೆರಳ ತುದಿ ಸವೆದು, ಹುಣಸೆ ಬೀಜದಂತೆ ನುಣುಪಾಗಿ ಗಟ್ಟಿಯಾಗಿಬಿಟ್ಟಿತ್ತು. ಮೊದಲ ಸಲ ನೋಡಿದವರು ಏನೋ ಅಪಘಾತವಾಗಿರಬೇಕು ಎಂದುಕೊಳ್ಳುತ್ತಿದ್ದರು. ಕೇಳಿದರೆ ನಗುತ್ತಿದ್ದರು. "ಗೋಡೆ ತಿಂದಾಕ್ಬುಡ್ತು ಮಗಾ. ಬಾಡಿಗೆ ಅಂದ್ಕೊ."

ಎಲ್ಲರೂ ಅವರನ್ನು ಬೋರ್ಡು ಸಾಬ್ರು ಎನ್ನುತ್ತಿದ್ದರು. ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಅಂಗಡಿ. ಅಂಗಡಿ ಎಂದರೆ ಒಂದು ತಗಡಿನ ಬಾಗಿಲು, ಒಳಗೆ ಬಣ್ಣದ ಡಬ್ಬಿಗಳು, ಗೋಡೆಗೆ ಒರಗಿಸಿದ ಅರ್ಧ ಬರೆದ ಬೋರ್ಡುಗಳು. ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆಯವರೆಗೆ ರಸ್ತೆ ಬದಿಯಲ್ಲಿ ಕಣ್ಣಿಗೆ ಬೀಳುವ ಬರಹಗಳಲ್ಲಿ ಹೆಚ್ಚಿನವು ಅವರ ಕೈಯವೇ. ಟ್ರಾಕ್ಟರಿನ ಹಿಂದಿನ ಹೆಸರು, ದಿನಸಿ ಅಂಗಡಿಯ ಬೋರ್ಡು, ದೇವಸ್ಥಾನದ ಕಮಾನು, ಮಸೀದಿಯ ದಾನಿಗಳ ಪಟ್ಟಿ, ಚುನಾವಣೆ ಬಂದರೆ ಎಲ್ಲ ಪಕ್ಷದ ಗುರುತುಗಳು. ಒಂದೇ ಗೋಡೆಯ ಆ ತುದಿಗೆ ಒಂದು ಪಕ್ಷಕ್ಕೆ, ಈ ತುದಿಗೆ ಇನ್ನೊಂದು ಪಕ್ಷಕ್ಕೆ ಮತ ಕೇಳಿ ಬರೆದದ್ದೂ ಉಂಟು. ಯಾರಾದರೂ ತಕರಾರು ತೆಗೆದರೆ, "ಯೋಳೋರು ನೀವು. ನಾನ್ ಬರಿಯೋನು ಅಷ್ಟೇಯ" ಎನ್ನುತ್ತಿದ್ದರು. ಆ ಮಾತನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಬಗೆಯ ಹೆಮ್ಮೆ ಇರುತ್ತಿತ್ತು. ಯಾರ ಗೊಡವೆಗೂ ಹೋಗದೆ ಬದುಕಿದವನ ಹೆಮ್ಮೆ.

ನಮ್ಮೂರು ಕ್ಯಾತನಹಳ್ಳಿ ಕಡೆಗೆ. ನಾನು ಆಗ ಪಾಂಡವಪುರದಲ್ಲಿ ಮೊದಲ ವರ್ಷದ ಪಿಯುಸಿ ಓದುತ್ತಿದ್ದೆ. ತೊಂಬತ್ತರ ದಶಕದ ನಡುಭಾಗ. ಸಂಜೆ ಬಸ್ಸು ಕಾಯುವಾಗ ಅವರ ಅಂಗಡಿ ಮುಂದೆ ನಿಂತು ಬರೆಯುವುದನ್ನು ನೋಡುವುದು ನನಗೆ ಅಭ್ಯಾಸ. ಹಾಗೆ ನಿಂತವಳನ್ನು ಒಂದು ದಿನ ಕರೆದು ಕೇಳಿದರು. "ಮಗಾ, ಈ 'ದ'ಕ್ಕೆ ಒಟ್ಟೆ ಸೀಳ್ಬೇಕಾ, ಬ್ಯಾಡ್ವಾ?" ಅವರು ಓದಿದ್ದು ಉರ್ದು ಶಾಲೆಯಲ್ಲಿ ನಾಲ್ಕು ವರ್ಷ. ಕನ್ನಡ ಅಕ್ಷರ ಕಲಿತದ್ದು ಗೋಡೆಯ ಮೇಲೆಯೇ. ಕೈ ಮುತ್ತಿನಂತಿದ್ದರೂ ಅಲ್ಪಪ್ರಾಣ ಮಹಾಪ್ರಾಣಗಳು ಮಾತ್ರ ಅವರಿಗೆ ಕೊನೆಯವರೆಗೂ ಒಲಿಯಲಿಲ್ಲ. ಅಂದಿನಿಂದ ಕಾಗುಣಿತ ನೋಡುವ ಕೆಲಸ ನನ್ನದಾಯಿತು. ನಾನು ಸರಿ ಎಂದಮೇಲೆಯೇ ಪೆನ್ಸಿಲ್ ಗೆರೆಯ ಮೇಲೆ ಬಣ್ಣ ಬೀಳುತ್ತಿತ್ತು.

ಕೆಲಸದಲ್ಲಿ ಅವರಿಗೊಂದು ಅಳತೆ ಇತ್ತು. ಬರೆದಾದ ಮೇಲೆ ರಸ್ತೆಯ ಆ ಕಡೆಗೆ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ನೋಡುವರು. "ಬಸ್ಸಲ್ ಕೂತಿರೋನು ಓದ್ಬುಡ್ಬೇಕು ಮಗಾ. ಇಳಿದು ಬಂದು ಯಾರ್ ಓದ್ತಾರೆ?" ಬಸ್ಸಿನಿಂದ ಕಾಣದ ಅಕ್ಷರ ಬರೆದರೂ ಒಂದೇ ಬಿಟ್ಟರೂ ಒಂದೇ ಎಂಬುದು ಅವರ ನಂಬಿಕೆ.

ಆ ಅಳತೆಯೇ ಅವರನ್ನು ನಮ್ಮ ಮನೆಗೆ ತಂದದ್ದು. ನಮ್ಮ ಮನೆ ಊರ ಬಸ್ ನಿಲ್ದಾಣದ ಎದುರಿಗಿತ್ತು. ರಸ್ತೆಗೆ ಮುಖ ಮಾಡಿದ ಗೋಡೆ, ಕಿಟಕಿ ಇಲ್ಲದ್ದು, ಇಪ್ಪತ್ತು ಅಡಿ ಅಗಲ. ಆ ಬೇಸಿಗೆಯಲ್ಲಿ ಒಂದು ಜೀಪು ಬಂದು ನಿಂತಿತು. ಆರೋಗ್ಯ ಪ್ರಚಾರದ ಅಧಿಕಾರಿ ಇಳಿದು ಗೋಡೆಯನ್ನು ನೋಡಿ, "ಇದು ಚೆನ್ನಾಗಿದೆ, ಬಸ್ಸಿನೋರಿಗೆಲ್ಲ ಕಾಣುತ್ತೆ" ಎಂದರು. ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಸುಣ್ಣ ನೀವೇ ಬಳ್ಕೊಡ್ತೀರಾ?" ಅವರು ಹೂಂ ಎಂದರು. ಅವ್ವನಿಗೆ ಸಂತೋಷವಾಯಿತು. ಅಕ್ಕನ ಮದುವೆಯ ಮಾತು ದೇವಲಾಪುರದ ಕಡೆಯವರೊಂದಿಗೆ ನಡೆದಿತ್ತು, ನೋಡಿ ಒಪ್ಪಿ ಹೋಗಿದ್ದರು. ಮನೆ ಬೆಳ್ಳಗೆ ಕಾಣಲಿ ಎಂದು ಅವಳ ಆಸೆ.

ಮಾರನೆಯ ದಿನ ಸಾಬ್ರು ಸೈಕಲ್ಲಿನಲ್ಲಿ ಬಂದರು. ಸುಣ್ಣ ಒಣಗಿದ ಮೇಲೆ ದಾರಕ್ಕೆ ನೀಲಿ ಹಚ್ಚಿ, ಗೋಡೆಗೆ ಬಿಗಿಹಿಡಿದು ಚಿಮ್ಮಿ ಗೆರೆ ಹಾಕಿದರು. ಅಧಿಕಾರಿ ಕೊಟ್ಟ ಚೀಟಿಯನ್ನು ನಾನೇ ಓದಿ ಹೇಳಿದೆ. ಆಳೆತ್ತರದ ಕೆಂಪು ಅಕ್ಷರದಲ್ಲಿ "ಏಡ್ಸ್ ಮಾರಿ ಬಂದಿದೆ! ಎಚ್ಚರ!" ಅದರ ಪಕ್ಕ ಒಂದು ತಲೆಬುರುಡೆ. ಕೆಳಗೆ ಸಣ್ಣದಾಗಿ, ಸಾರ್ವಜನಿಕ ಹಿತದೃಷ್ಟಿಯಿಂದ ಪ್ರಚಾರ ಎಂದು. "ದೃಷ್ಟಿಗೆ ಒಟ್ಟೆ ಸೀಳ್ಬೇಕಾ?" ಎಂದು ಕೇಳಿದರು. "ಬೇಡ ಸಾಬ್ರೇ, ಸರಿಯಾಗಿದೆ" ಎಂದೆ. ದೃ ಸರಿಯಾಗಿದೆಯೇ ಎಂದು ಅಷ್ಟು ಜಾಗ್ರತೆಯಿಂದ ನೋಡಿದ ನಾನು ಬೇರೇನನ್ನೂ ನೋಡಲಿಲ್ಲ. ಸಂಜೆ ಅವರು ರಸ್ತೆ ದಾಟಿ ನಿಂತು, ಕಣ್ಣು ಕಿರಿದು ಮಾಡಿ, "ಪಷ್ಟ್ ಕ್ಲಾಸು" ಎಂದರು. ನಾನೂ ಅವರ ಪಕ್ಕ ನಿಂತು ನೋಡಿ ಬೀಗಿದೆ. ಊರಿನ ಅಷ್ಟೂ ಗೋಡೆಗಳಲ್ಲಿ ನಮ್ಮದೇ ಆಯ್ಕೆಯಾಗಿತ್ತಲ್ಲ!

ಒಳಗೆ ಅಪ್ಪ ಮಲಗಿದ್ದ.

ಅಪ್ಪ ಲಾರಿ ಡ್ರೈವರು. ನಮ್ಮ ಕಡೆಯ ಆಲೆಮನೆಗಳ ಬೆಲ್ಲವನ್ನು ತುಂಬಿಕೊಂಡು ಮಹಾರಾಷ್ಟ್ರ, ಗುಜರಾತಿನವರೆಗೆ ಹೋಗುತ್ತಿದ್ದ. ಹೋದರೆ ಹದಿನೈದು ದಿನ, ಇಪ್ಪತ್ತು ದಿನ. ಆ ಸಲ ಕಾಮಾಲೆ ಹಿಡಿಸಿಕೊಂಡು ಬಂದಿದ್ದ. ಕಣ್ಣು ಹಳದಿ, ಕೆನ್ನೆ ಒಳಕ್ಕೆ ಹೋಗಿತ್ತು, ಅಂಗಿ ಮೊಳೆಗೆ ನೇತು ಹಾಕಿದಂತೆ ಮೈಮೇಲೆ ಜೋಲುತ್ತಿತ್ತು. ನಾಟಿ ಔಷಧ, ಉಪ್ಪು ಎಣ್ಣೆ ಇಲ್ಲದ ಪಥ್ಯ, ಮಜ್ಜಿಗೆ ಅನ್ನ. ಒಂದು ತಿಂಗಳು ಮನೆಯಿಂದ ಆಚೆ ಬಂದಿರಲಿಲ್ಲ.

ಆ ರೋಗದ ಸುದ್ದಿ ಆಗ ಹೊಸದು. ಟೀವಿ ಇದ್ದ ಎರಡು ಮನೆಗಳಲ್ಲಿ ವಾರ್ತೆಗೆ ಮುಂಚೆ ಅದರ ಬಗ್ಗೆ ಏನೋ ತೋರಿಸುತ್ತಿದ್ದರು. ಪೇಪರಿನಲ್ಲಿ ಲಾರಿ ಡ್ರೈವರುಗಳ ಹೆಸರು ಎತ್ತಿ ಬರೆಯುತ್ತಿದ್ದರು. ಯಾರಿಗೂ ಪೂರ್ತಿ ಗೊತ್ತಿರಲಿಲ್ಲ, ಭಯ ಮಾತ್ರ ಪೂರ್ತಿ ಇತ್ತು. ಜೊತೆಗೆ ನಮ್ಮೂರಿನವರಿಗೆ ಇನ್ನೊಂದು ವಿಷಯ ಗೊತ್ತಿತ್ತು. ಮಲೇರಿಯಾದವರು ಬಂದರೆ, ರಕ್ತ ತೆಗೆದ ಮನೆಯ ಗೋಡೆಗೆ ತಾರೀಖು ಬರೆದು ಹೋಗುತ್ತಿದ್ದರು. ಸರ್ಕಾರದವರು ಒಂದು ಮನೆಯ ಮೇಲೆ ಬರೆದರೆ ಅದು ಆ ಮನೆಯ ವಿಷಯವೇ. ಈಗ ಬರೆದದ್ದೋ, ಬಂದಿದೆ ಎಂದು.

ಮೊದಲು ಗೊತ್ತಾದದ್ದು ನಲ್ಲಿಯ ಹತ್ತಿರ. ಅವ್ವ ಬಿಂದಿಗೆ ಇಟ್ಟ ಕೂಡಲೇ ಮುಂದಿದ್ದ ಹೆಂಗಸು ತನ್ನ ಬಿಂದಿಗೆಯನ್ನು ಪಕ್ಕಕ್ಕೆ ಎಳೆದುಕೊಂಡಳು. ಅವ್ವ ಅದನ್ನು ಗಮನಿಸಲಿಲ್ಲವೋ, ಗಮನಿಸಿಯೂ ಸುಮ್ಮನಾದಳೋ. ಮೂರನೆಯ ದಿನ, ವಾರಕ್ಕೆ ಎರಡು ಸಲ ಅಪ್ಪನಿಗೆ ಕ್ಷೌರ ಮಾಡಲು ಬರುತ್ತಿದ್ದವರು ಬರಲಿಲ್ಲ. ಹೇಳಿ ಕಳಿಸಿದರೆ, "ನಾಳೆ ಬತ್ತೀನಿ ಅಂತ ಯೋಳವ್ವ" ಎಂದರು. ನಾಳೆಯೂ ಬರಲಿಲ್ಲ. ನಮ್ಮಲ್ಲಿ ಅರ್ಧ ಲೀಟರು ಹಾಲು ಕೊಳ್ಳುತ್ತಿದ್ದ ಮೇಷ್ಟ್ರ ಮನೆಯವರು ಊರಿಗೆ ಹೋಗುತ್ತೇವೆ, ಬೇಡ ಎಂದರು. ಅವರ ಮನೆ ಒಲೆಯ ಹೊಗೆ ಮಾತ್ರ ದಿನಾ ಏಳುತ್ತಿತ್ತು. ಒಂದು ಬೆಳಿಗ್ಗೆ ಡೈರಿಯ ಸೆಕ್ರೆಟರಿ ಅವ್ವನ ಕ್ಯಾನು ಕೈಯಲ್ಲಿ ಹಿಡಿದು, ತಲೆ ಎತ್ತದೆ, "ಒಂದೆರಡು ದಿನ ತಡ್ಕಳಿ ಅಕ್ಕ. ಎಲ್ರ ಹಾಲೂ ಒಂದೇ ಕ್ಯಾನಿಗ್ ಸುರೀತೀನಿ, ಜನ ಗಲಾಟೆ ಮಾಡ್ತಾವ್ರೆ" ಎಂದರು. ಅವ್ವ ಹಾಲು ತಂದು ಹಿತ್ತಿಲಿಗೆ ಚೆಲ್ಲಿದಳು.

ಇಷ್ಟಾದರೂ ಯಾರೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಅದೇ ನಮ್ಮನ್ನು ತಿಂದದ್ದು. ಹೇಳಿದ್ದರೆ ಅಲ್ಲ ಎನ್ನಬಹುದಿತ್ತು. ಬಸ್ಸು ನಿಂತಾಗಲೆಲ್ಲ ಕಿಟಕಿಗಳಲ್ಲಿ ಮುಖಗಳು ನಮ್ಮ ಮನೆ ಕಡೆ ತಿರುಗುತ್ತಿದ್ದವು. ಕಾಲೇಜಿಗೆ ಹೋಗಲು ಎದುರಿನ ನಿಲ್ದಾಣ ಬಿಟ್ಟು ಮುಂದಿನ ನಿಲ್ದಾಣದವರೆಗೆ ನಡೆದು ಹೋಗತೊಡಗಿದೆ.

ಆಮೇಲೆ ದೇವಲಾಪುರದಿಂದ ಗಂಡಿನ ಸೋದರಮಾವ ಬಂದರು. ಮದುವೆಯ ದಿನ ಗೊತ್ತು ಮಾಡಲು ಬರುವರೆಂದು ಅವ್ವ ಒಬ್ಬಟ್ಟು ಮಾಡಿದ್ದಳು. ಬಸ್ಸಿಳಿದವರು ನಿಲ್ದಾಣದಲ್ಲೇ ನಿಂತು ನಮ್ಮ ಗೋಡೆಯನ್ನು ನೋಡುತ್ತಿದ್ದುದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಅಂಗಡಿಯವನ ಹತ್ತಿರ ಏನೋ ಕೇಳಿದರು. ರಸ್ತೆ ದಾಟಲಿಲ್ಲ. ವಾಪಸು ಹೋಗುವ ಬಸ್ಸು ಬರುವವರೆಗೆ ಬೆನ್ನು ತಿರುಗಿಸಿ ನಿಂತು, ಹತ್ತಿ ಹೋದರು. ನಾಲ್ಕು ದಿನ ಬಿಟ್ಟು, ಈ ವರ್ಷ ಬೇಡ ಎಂದು ಹೇಳಿ ಕಳಿಸಿದರು. ಅಕ್ಕ ಅಳಲಿಲ್ಲ. ಸೀರೆಯ ಪೆಟ್ಟಿಗೆ ತೆಗೆದು, ಎಲ್ಲವನ್ನೂ ಬಿಚ್ಚಿ, ಮತ್ತೆ ಮಡಿಸಿ ಇಟ್ಟಳು.

ಇನ್ನೊಂದು ಸಂಗತಿ ಹೇಳದೆ ಹೋದರೆ ಇಷ್ಟು ಬರೆದದ್ದೂ ಸುಳ್ಳಾಗುತ್ತದೆ. ಆ ವಾರವೇ ಅವ್ವ ಅಪ್ಪನ ತಟ್ಟೆಯನ್ನು ಬೇರೆ ಇಡತೊಡಗಿದಳು. ನಾನು ನೋಡಿದೆ. ಅಪ್ಪ ಕುಡಿದಿಟ್ಟ ಲೋಟವನ್ನು ನಾನು ಎರಡು ಸಲ ಬೂದಿ ಹಾಕಿ ತಿಕ್ಕಿದೆ. ಮೂರನೆಯ ಸಲ ತಿಕ್ಕುವಾಗ ಅಪ್ಪ ಬಚ್ಚಲ ಬಾಗಿಲಲ್ಲಿ ನಿಂತಿದ್ದ. ಹೋಗಿ ಮಲಗಿಕೊಂಡ. ಊರಿನವರು ಓದಿದ ಅಕ್ಷರವನ್ನೇ ನಾವೂ ಒಳಗೆ ಕೂತು ಓದಿದ್ದೆವು. ಆ ಅಕ್ಷರ ಗೋಡೆಗೆ ಬರುವ ಮುಂಚೆ, ಅಪ್ಪ ಲಾರಿಯಿಂದ ಇಳಿದು ಬಂದರೆ ಅವನ ಬೆವರು ವಾಸನೆಯ ಟವಲಿನಲ್ಲೇ ಮುಖ ಒರೆಸಿಕೊಳ್ಳುತ್ತಿದ್ದವಳು ನಾನು.

ಮಾರನೆಯ ಬೆಳಿಗ್ಗೆ ಅಪ್ಪ ಹಾರೆ ಹಿಡಿದು ಗೋಡೆ ಕೆರೆಯಲು ಹೊರಟ. ಅವ್ವ ಅಡ್ಡ ನಿಂತಳು. "ಕೆರೆದ್ರೆ ಮುಚ್ಚಿಟ್ಕತಾವ್ರೆ ಅಂತಾರೆ ಕಣಪ್ಪ! ಇನ್ನೂ ಆಳಾಯ್ತೀವಿ!" ಅಪ್ಪನ ಕೈಯಲ್ಲಿ ಶಕ್ತಿಯೂ ಇರಲಿಲ್ಲ. ಹಾರೆ ಅಲ್ಲೇ ಬಿಟ್ಟು ಜಗಲಿಯ ಮೇಲೆ ಕುಸಿದ. "ನೀನೂ ಅಂಗೇ ಅನ್ಕಂಡಿದೀಯ, ಅಲ್ವಾ?" ಎಂದ. ಅವ್ವ ಹಾರೆ ಎತ್ತಿಕೊಂಡು ಒಳಗೆ ಹೋದಳು.

ನಾನು ಕಾಲೇಜಿಗೆ ಹೋಗದೆ ನೇರ ಸಾಬ್ರ ಅಂಗಡಿಗೆ ಹೋದೆ. ಅವರು ಯಾವುದೋ ಹೋಟೆಲಿನ ಬೋರ್ಡು ಬರೆಯುತ್ತಿದ್ದರು. "ಬಾ ಮಗಾ, ಈ 'ಭೋಜನ' ನೋಡು" ಎಂದರು. ನಾನು ಅಳುತ್ತಾ ಎಲ್ಲವನ್ನೂ ಹೇಳಿದೆ. ಮೊದಮೊದಲು ಅವರಿಗೆ ಅರ್ಥವೇ ಆಗಲಿಲ್ಲ. "ಅದು ನಿಮ್ಮನೆ ವಿಷ್ಯ ಅಲ್ವಲ್ಲ? ಪ್ರಚಾರ ಅಲ್ವಾ ಅದು? ಕೆಳಗೆ ಬರ್ದಿದೀನಲ್ಲ?" ಎಂದರು. ಕೆಳಗೆ ಬರೆದದ್ದು ಬಸ್ಸಿನಿಂದ ಕಾಣುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೈಯಲ್ಲಿದ್ದ ಬ್ರಷ್ಷಿನಿಂದ ಬಣ್ಣ ಲುಂಗಿಯ ಮೇಲೆ ತೊಟ್ಟಿಕ್ಕುತ್ತಿದ್ದುದು ಅವರಿಗೆ ತಿಳಿಯಲಿಲ್ಲ.

ಅದೇ ಮಧ್ಯಾಹ್ನ ಬಂದರು. ಮನೆಯೊಳಗೆ ಬರದೆ ಎದುರಿನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತರು. ಒಂದು ಬಸ್ಸು ಬಂದು ಹೋಯಿತು, ಎರಡನೆಯದು ಬಂತು. ಕಿಟಕಿಯಲ್ಲಿದ್ದ ಒಬ್ಬ ಪಕ್ಕದವನಿಗೆ ತೋರಿಸಿ ಹೇಳಿದ್ದು ಅವರ ಕಿವಿಗೆ ಬಿತ್ತಂತೆ. "ಇದೇ ಕಣ್ಲಾ ಆ ಮನೆ. ಗೌರ್ಮೆಂಟ್‌ನೋರೇ ಬರ್ದವ್ರೆ ನೋಡು." ಸಾಬ್ರು ಎದ್ದು ಬಂದಾಗ ಮುಖ ಬಿಳಿಚಿಕೊಂಡಿತ್ತು. ಜಗಲಿಯ ಕೆಳಗೇ ನಿಂತು ಅಪ್ಪನಿಗೆ ಕೈಮುಗಿದರು.

"ತಪ್ಪಾಗೋಯ್ತು ಅಣ್ಣಾ."

"ನಿಮಗೇನ್ ಸಾಬ್ರೇ, ಬರ್ದ್ಬುಟ್ಟು ಸೈಕಲ್ ಅತ್ಕಂಡ್ ಓದ್ರಿ" ಎಂದ ಅಪ್ಪ.

"ದಿಟ. ಮೂವತ್ತು ವರ್ಷದಿಂದ ಅಂಗೇ ಮಾಡ್ಕಂಡ್ ಬಂದಿವ್ನಿ. ಅಕ್ಸರ ಅಂದವಾಗದಾ ಅಂತ ನೋಡ್ದೆ. ಅದು ಎದ್ದೋಗಿ ಏನ್ ಮಾಡ್ತದೆ ಅಂತ ಒಂದಿನಾನೂ ನೋಡ್ಲಿಲ್ಲ."

ಈಗಲೇ ಸುಣ್ಣ ಹೊಡೆದು ಅಳಿಸಿಬಿಡುತ್ತೇನೆ ಎಂದರು. ಅವ್ವ ಬೇಡವೆಂದಳು. ಅಪ್ಪ ತನ್ನ ಯೋಚನೆ ಹೇಳಿದ. ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಆ ಚೀಟಿಯನ್ನು ತಂದು ಇದೇ ಗೋಡೆಗೆ ಅಂಟಿಸುವುದು. ಸಾಬ್ರು ಗೋಡೆಯನ್ನೊಮ್ಮೆ ನೋಡಿದರು.

"ಪರೀಕ್ಷೆ ಮಾಡಿಸ್ಕೊಳಿ ಅಣ್ಣಾ, ನಿಮ್ ಮನೆಯೋರ ನೆಮ್ಮದಿಗೆ. ಚೀಟಿ ಮಾತ್ರ ಊರಿಗೆ ತೋರ್ಸ್ಬ್ಯಾಡಿ."

"ಯಾಕ್ ತೋರ್ಸ್ಬಾರ್ದು?"

"ಇವತ್ತು ನೀವ್ ಅಂಟ್ಸಿದ್ರೆ ನಾಳೆ ಇನ್ನೊಬ್ರ ಮನೆ ಬಾಗ್ಲಿಗೋಗಿ, ನಿಮ್ ಚೀಟಿ ಎಲ್ಲಿ ಅಂತಾರೆ. ಅವ್ರತ್ರ ಅಂತಾ ಚೀಟಿ ಇಲ್ದೆ ಇದ್ರೆ?"

"ಅವ್ರ ಇಸ್ಯ ಕಟ್ಕಂಡು ನಂಗೇನು?" ಅಪ್ಪ ಸಿಟ್ಟಿನಿಂದಲೇ ಹೇಳಿದ. ಅವನದು ತಪ್ಪು ಎಂದು ನಾನು ಆಗಲೂ ಅಂದುಕೊಳ್ಳಲಿಲ್ಲ, ಈಗಲೂ ಅಂದುಕೊಳ್ಳುವುದಿಲ್ಲ. ಮಗಳ ಮದುವೆ ನಿಂತ ಮನೆಯಲ್ಲಿ ಕೂತು ಇನ್ನೊಬ್ಬರ ಮನೆಯ ಚಿಂತೆ ಮಾಡುವುದು ಸುಲಭವಲ್ಲ. ಸಾಬ್ರು ವಾದಿಸಲಿಲ್ಲ. "ನಂಗೆ ಎಂಟು ದಿನ ಕೊಡಿ. ಆಮೇಲೆ ನಿಮ್ಮಿಷ್ಟ" ಎಂದು ಹೊರಟುಹೋದರು.

ಮೊದಲು ಅವರು ಹೋದದ್ದು ಪಾಂಡವಪುರದ ಒಬ್ಬ ಡಾಕ್ಟರ ಹತ್ತಿರ. ಈ ರೋಗ ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ ಎಂದು ಕೇಳಿ, ಅದನ್ನು ಸಣ್ಣ ಸಣ್ಣ ಮಾತಿನಲ್ಲಿ ಬರೆಸಿಕೊಂಡರು. ಆ ಹಾಳೆಯನ್ನು ನನಗೆ ತೋರಿಸಿ ಕಾಗುಣಿತ ನೋಡಿಸಿದರು. ಮಾರನೆಯ ದಿನ ತಮ್ಮ ಮನೆಯ ಬೀದಿ ಗೋಡೆಗೆ ಬರೆದರು. ಅದೇ ಕೆಂಪು ಅಕ್ಷರ, ಅದೇ ಅಳತೆ, ಏಡ್ಸ್ ಬಗ್ಗೆ ಎಚ್ಚರ ಎಂದು. ಬುರುಡೆ ಇರಲಿಲ್ಲ. ಕೆಳಗೆ, ಬಸ್ಸಿನಿಂದ ಕಾಣುವಷ್ಟೇ ದೊಡ್ಡದಾಗಿ, "ಮುಟ್ಟಿದರೆ ಬರುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ." ಕಾಲೇಜಿನಿಂದ ಬರುವಾಗ ನಾನು ಅದನ್ನು ನೋಡಿದೆ. ಅವರ ಹೆಂಡತಿ ಬಾಗಿಲ ಪರದೆಯ ಹಿಂದೆ ಉರ್ದುವಿನಲ್ಲಿ ಗಟ್ಟಿಯಾಗಿ ಏನೋ ಹೇಳುತ್ತಿದ್ದರು. ಜಗಳವೆಂದು ತಿಳಿಯಲು ಉರ್ದು ಬರಬೇಕಾಗಿರಲಿಲ್ಲ. ಸಾಬ್ರು ಬೆನ್ನು ತಿರುಗಿಸಿ ಬರೆಯುತ್ತಲೇ ಇದ್ದರು.

ಆಮೇಲೆ ನಮ್ಮೂರಿಗೆ ಬಂದರು. ಹತ್ತು ಗೋಡೆಗೆ ಬರೆದರೆ ಒಂದೇ ಮನೆಯ ಮಾತಾಗಿ ಉಳಿಯುವುದಿಲ್ಲವೆಂದು, ಗೋಡೆ ಕೊಡಿ ಎಂದು ಮನೆ ಮನೆಗೆ ಹೋಗಿ ಕೇಳಿದರು. ಯಾರು ಕೊಡುತ್ತಾರೆ? ಒಬ್ಬರು ಬಾಗಿಲು ಹಾಕಿಕೊಂಡರು. "ನಮ್ಮನೇಲೇನ್ ರೋಗ ಬಂದದಾ?" ಎಂದು ಒಬ್ಬರು ಬೈದರು. ಸಾಬ್ರು ಅವರಿಗೆ ಎದುರಾಡದೆ ಡೈರಿಗೆ ಹೋದರು. ಸೆಕ್ರೆಟರಿಯನ್ನು ಕೇಳಿದರು. "ಇವತ್ತು ಒಂದ್ ಮನೆ ಹಾಲ್ ಬ್ಯಾಡ ಅಂದ್ರಿ. ನಾಳೆ ಇನ್ನೊಂದ್ ಊರಿನೋರು ನಿಮ್ಮೂರಿನ ಹಾಲೇ ಬ್ಯಾಡ ಅಂದ್ರೆ ಏನ್ ಮಾಡ್ತೀರಿ ಅಣ್ಣಾ?" ಅದು ಅವರಿಗೆ ತಟ್ಟಿತು. ಡೈರಿ ಗೋಡೆ ಸಿಕ್ಕಿತು. ಅದನ್ನು ನೋಡಿ ಶಾಲೆಯ ಹೆಡ್ಮಾಸ್ಟರು ಕಾಂಪೌಂಡು ಕೊಟ್ಟರು. ಪಂಚಾಯಿತಿ ಕಟ್ಟಡದ ಗೋಡೆಗೆ ಅಧ್ಯಕ್ಷರು ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಸಾಬ್ರು ಹೂಂ ಎಂದೇ ತಿಳಿದು ಬರೆದುಬಿಟ್ಟರು. ಸುದ್ದಿ ತಿಳಿದು ಜೀಪಿನ ಅಧಿಕಾರಿ ಬಂದು ಕೂಗಾಡಿದರು, ಆರ್ಡರಿಲ್ಲದೆ ಬರೆಯಲು ನೀನ್ಯಾರು ಎಂದು. ಸಾಬ್ರು ಡಾಕ್ಟರ ಹಾಳೆಯನ್ನು ಮುಂದೆ ಹಿಡಿದರು. ಅಧಿಕಾರಿ ಓದಿ, ಮಡಿಸಿ ಕೊಟ್ಟು, ಇದನ್ನು ನಾನು ನೋಡಿಲ್ಲ ಎಂದು ಹೊರಟರು.

ಆ ದಿನಗಳಲ್ಲಿ ಒಂದು ಮಧ್ಯಾಹ್ನವನ್ನು ನಾನು ಮರೆಯಲಾರೆ. ಶಾಲೆಯ ಗೋಡೆ ಮುಗಿಸಿ ಬಂದ ಸಾಬ್ರು ನಮ್ಮ ಜಗಲಿಯ ಮೇಲೆ, ರಸ್ತೆಗೆ ಮುಖ ಮಾಡಿ ಕೂತರು. "ಅಕ್ಕಾ, ಹೊಟ್ಟೆ ಅಸೀತದೆ" ಎಂದರು. ಅವ್ವ ಎಲೆ ಹಾಕಲು ಹೋದಳು.

"ಎಲೆ ಬ್ಯಾಡಿ. ಅಣ್ಣನ್ ತಟ್ಟೆ ತನ್ನಿ. ಇಬ್ರೂ ಅದ್ರಲ್ಲೇ ಉಣ್ತೀವಿ. ನಮ್ಮಲ್ಲಿ ಒಂದೇ ತಟ್ಟೇಲಿ ಉಣ್ಣೋದು ರೂಢಿನೇಯ."

ಅವ್ವ ಅಡುಗೆಮನೆಯಲ್ಲಿ ನಿಂತೇಬಿಟ್ಟಳು. ನಮ್ಮಲ್ಲಿ ಎಂಜಲು ಎಂದರೆ ಸಾಮಾನ್ಯ ಮಾತಲ್ಲ. ಅಪ್ಪ ಸಾಬ್ರ ಮುಖ ನೋಡಿದ. ತಟ್ಟೆಯೂ ಬೇರೆ ಇಟ್ಟದ್ದು, ಗೂಡಿನಲ್ಲಿ ಒಂಟಿಯಾಗಿ. ಕೊನೆಗೆ ಅಕ್ಕ ಎದ್ದು ಆ ತಟ್ಟೆಯನ್ನು ತೆಗೆದು, ಪಥ್ಯದ ಮಜ್ಜಿಗೆ ಅನ್ನ ಕಲಸಿ ತಂದು ಇಬ್ಬರ ನಡುವೆ ಇಟ್ಟಳು. ಸಾಬ್ರು ಬಿಸ್ಮಿಲ್ಲಾ ಎಂದು ಒಂದು ತುತ್ತು ಎತ್ತಿದರು. ಅಪ್ಪನ ಕೈ ತಡೆಯಿತು. "ಉಣ್ಣಿ ಅಣ್ಣಾ, ಬಸ್ ಬರೋ ಒತ್ತಾಯ್ತು" ಎಂದರು. ಅಪ್ಪ ಆ ದಿನಗಳಲ್ಲಿ ಮೊದಲ ಸಲ ನಕ್ಕ. ಇಬ್ಬರೂ ಉಣ್ಣುತ್ತಿರುವಾಗ ಬಸ್ಸು ಬಂದು ನಿಂತಿತು, ಕಿಟಕಿಗಳಲ್ಲಿ ಮುಖಗಳು ತಿರುಗಿದವು. ಬಸ್ಸು ಹೋದಮೇಲೆ ಅವ್ವ ಹೊರಗೆ ಬಂದು ಕೂತು, ಅದೇ ತಟ್ಟೆಯಿಂದ ಒಂದು ತುತ್ತು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಅಪ್ಪನ ಕಡೆ ನೋಡಲಿಲ್ಲ. ಅಪ್ಪ ತಟ್ಟೆಯನ್ನು ಅವಳ ಕಡೆಗೆ ಒಂದಿಷ್ಟು ಸರಿಸಿದ.

ಎಲ್ಲವೂ ಸರಿಹೋಯಿತು ಎಂದು ಬರೆಯಲು ಆಗುವುದಿಲ್ಲ. ಡೈರಿಯವರು ಹಾಲು ತೆಗೆದುಕೊಂಡರು. ಕ್ಷೌರದವರು ಇಪ್ಪತ್ತು ದಿನ ಬಿಟ್ಟು ಬಂದರು, ಹೊಸ ಬ್ಲೇಡನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿ ಬಿಚ್ಚಿದರು. ಮೇಷ್ಟ್ರ ಮನೆಯವರು ಮತ್ತೆಂದೂ ನಮ್ಮ ಹಾಲು ಕೊಳ್ಳಲಿಲ್ಲ. ಅಪ್ಪ ಮೈಸೂರಿಗೆ ಹೋಗಿ ಬಂದ. ಸಾಬ್ರು ಜೊತೆಗೆ ಹೋಗಿದ್ದರು. ರೋಗ ಇರಲಿಲ್ಲ. ಆ ಚೀಟಿಯನ್ನು ಅಪ್ಪ ನಮಗೆ ತೋರಿಸಿದ, ಗೋಡೆಗೆ ಅಂಟಿಸಲಿಲ್ಲ. ಯಾಕೆ ಮನಸ್ಸು ಬದಲಾಯಿಸಿದೆ ಎಂದು ಕೇಳಿದ್ದಕ್ಕೆ, ಆಸ್ಪತ್ರೆಯ ಸಾಲಿನಲ್ಲಿ ತನ್ನ ಹಿಂದೆ ನಿಂತಿದ್ದ ಹುಡುಗನ ವಿಷಯ ಹೇಳಲು ಹೊರಟು ನಿಲ್ಲಿಸಿಬಿಟ್ಟ. ಎರಡು ವರ್ಷ ಕಳೆದ ಮೇಲೆ, ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದ ನಮ್ಮೂರಿನ ಒಬ್ಬ ನಿಜವಾಗಿಯೂ ಆ ರೋಗ ಹೊತ್ತು ಬಂದ. ಆಗ ಅವನ ಮನೆಗೆ ದಿನಾ ಹಾಲು ಕೊಟ್ಟು, ಒಂದು ಗಳಿಗೆ ಕೂತು ಬರುತ್ತಿದ್ದವಳು ಅವ್ವ. ಇನ್ನೂ ಮೂರು ನಾಲ್ಕು ಮನೆಯವರು ಹೋಗುತ್ತಿದ್ದರು. ಹೋಗದವರೇ ಹೆಚ್ಚು. ಚೀಟಿ ಎಲ್ಲಿ ಎಂದು ಮಾತ್ರ ಅವನನ್ನು ಯಾರೂ ಕೇಳಲಿಲ್ಲ.

ದೇವಲಾಪುರದವರು ಮತ್ತೆ ಬರಲಿಲ್ಲ. ಅವ್ವನಿಗೆ ಅದೇ ಕೊರಗು. ಆ ವರ್ಷವೆಲ್ಲ ಸಾಬ್ರು ಈ ಕಡೆ ಕೆಲಸಕ್ಕೆ ಬಂದಾಗಲೆಲ್ಲ ನಮ್ಮ ಜಗಲಿಯಲ್ಲಿ ಕೂರುವರು, ಅವ್ವ ಅವರ ಮುಂದೆ ಅತ್ತುಕೊಳ್ಳುವಳು. "ನಿಮ್ಗೇನ್ ಗೊತ್ತು ಸಾಬ್ರೇ, ಗೊತ್ತಾದ ಸಂಬಂಧ ಮುರ್ದೋದ್ರೆ ಎಣ್ಣು ಎತ್ತೋಳ್ ಸಂಕ್ಟ" ಎಂದದ್ದನ್ನು ನಾನೇ ಕೇಳಿದ್ದೇನೆ. ಅವರು ತಲೆ ತಗ್ಗಿಸಿ, "ಆಯ್ತದೆ ಅಕ್ಕಾ. ಒಳ್ಳೇ ಕಡೆ ಆಯ್ತದೆ. ದೇವ್ರವ್ನೆ" ಎನ್ನುವರು. ಆಯಿತು ಕೂಡ. ಅಕ್ಕನನ್ನು ಹೊಸಹೊಳಲಿಗೆ ಕೊಟ್ಟೆವು. ಮದುವೆ ಚಪ್ಪರದ ಹೆಸರುಗಳನ್ನು ಬರೆದವರು ಅವರೇ.

ಅಲ್ಲಿಂದ ಮುಂದೆ ಅವರ ಕೆಲಸದ ರೀತಿ ಬದಲಾಗಿತ್ತು. ಯಾರು ಬಂದು ಗೋಡೆ ಬರೆಯಲು ಕರೆದರೂ ಮೊದಲು, "ಆ ಮನೇಲಿ ಯಾರವ್ರೆ?" ಎಂದು ಕೇಳುತ್ತಿದ್ದರು. ಒಂದು ಸಲ ನಾಗಮಂಗಲದ ಕಡೆಯವರು ಒಬ್ಬ ಎದುರಾಳಿಯನ್ನು ಕಳ್ಳ ಎಂದು ಬರೆಸಲು ಬಂದರು. "ದಿಟವೋ ಸುಳ್ಳೋ ಕೋರ್ಟಲ್ಲಿ ಯೋಳಿ. ಗೋಡೆ ವಿಚಾರಣೆ ಮಾಡಕಿಲ್ಲ" ಎಂದು ಹಿಂದಕ್ಕೆ ಕಳಿಸಿದರು. ಯೋಳೋರು ನೀವು, ಬರಿಯೋನು ನಾನು ಎಂಬ ಹಳೆಯ ಮಾತನ್ನು ಅವರ ಬಾಯಿಂದ ನಾನು ಮತ್ತೆ ಕೇಳಲಿಲ್ಲ. ಕೆಲಸವೂ ಕಡಿಮೆಯಾಯಿತು. ಇಷ್ಟು ಪ್ರಶ್ನೆ ಕೇಳುವ ಪೇಂಟರನ್ನು ಯಾರು ಕರೆಯುತ್ತಾರೆ?

ತೊಂಬತ್ತೊಂಬತ್ತರ ಹೊತ್ತಿಗೆ ಅವರ ಎದೆ ಕೆಟ್ಟಿತು. ಬಣ್ಣದ ವಾಸನೆ ಎಂದು ಡಾಕ್ಟರು ಹೇಳಿದರಂತೆ. ನಾನು ಆಗ ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದೆ. ಒಂದು ಶುಕ್ರವಾರ ಅಪ್ಪ ಶಾಲೆಯ ಹತ್ತಿರವೇ ಬಂದು, "ಸಾಬ್ರು ಓಗ್ಬುಟ್ರು ಕಣವ್ವ" ಎಂದ. ಇಬ್ಬರೂ ಹೋದೆವು. ಗಂಡಸರು ಹೊತ್ತುಕೊಂಡು ಹೊರಟಾಗ ಅಪ್ಪ ಮುಂದೆ ನುಗ್ಗಿ ಹೆಗಲು ಕೊಟ್ಟ. ಯಾರೂ ಬೇಡವೆನ್ನಲಿಲ್ಲ. ನಾನು ಹೆಂಗಸರ ಜೊತೆ ಒಳಗೆ ಕೂತೆ.

ಅವರ ಮಗಳು ಶ್ರೀರಂಗಪಟ್ಟಣದಿಂದ ಬಂದಿದ್ದಳು. ನನಗಿಂತ ಎರಡು ಮೂರು ವರ್ಷ ದೊಡ್ಡವಳು, ಕಂಕುಳಲ್ಲಿ ಕೂಸು. ನಮ್ಮ ಊರಿನ ಹೆಸರು ಹೇಳುತ್ತಿದ್ದ ಹಾಗೆ, "ಆ ಗೋಡೆಯೋರಾ ನೀವು?" ಎಂದಳು. ಹೂಂ ಎಂದೆ. ಏನಾದರೂ ಒಳ್ಳೆಯ ಮಾತು ಹೇಳಬೇಕೆನಿಸಿ, ನಿಮ್ಮ ತಂದೆ ಇಲ್ಲದಿದ್ದರೆ ನಮ್ಮ ಅಕ್ಕನ ಮದುವೆಯೇ ಆಗುತ್ತಿರಲಿಲ್ಲ, ಬಂದ ಸಂಬಂಧ ಮುರಿದು ಹೋದಾಗ ಅವರೇ ನಮ್ಮವ್ವನಿಗೆ ಧೈರ್ಯ ಹೇಳುತ್ತಿದ್ದರು ಎಂದೆ.

ಅವಳು ಕೂಸಿನ ಕುಲಾವಿ ಸರಿಮಾಡಿದಳು. "ನಂದೂ ಆವಾಗ್ಲೇ ಮುರಿದಿದ್ದು" ಎಂದಳು.

ನನಗೆ ತಿಳಿಯಲಿಲ್ಲ.

"ನಮ್ಮನೆ ಗೋಡೆಗೆ ಬರೆದ್ರಲ್ಲ, ಆ ವಾರಾನೇ. ಹುಡುಗನ ಕಡೆಯೋರು ನೋಡ್ಕೊಂಡ್ ಹೋದ್ರು. ಅಮ್ಮಿ ಅಬ್ಬಾ ಜೊತೆ ಒಂದ್ ತಿಂಗಳು ಮಾತಾಡ್ಲಿಲ್ಲ. ಆಮೇಲೆ ನನಗೆ ನಿಕಾ ಆಗಕ್ಕೆ ಎರಡು ವರ್ಷ ಆಯ್ತು."

ಕೂಸು ಅಳತೊಡಗಿತು. ಅದನ್ನು ಇನ್ನೊಂದು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟಿದಳು.

"ಅಳಿಸ್ಲಾ ಬೇಟಿ, ಅಂತ ಕೇಳಿದ್ರು ಅಬ್ಬಾ. ಸುಣ್ಣದ ಬಕೀಟು ಕೈಯಾಗೆ ಹಿಡ್ಕೊಂಡು ಬಾಗಿಲಾಗೆ ನಿಂತಿದ್ರು. ನಾನೇ ಬೇಡ ಅಂದೆ."

ಹೊರಗಿನಿಂದ ಯಾರೋ ಕರೆದರು, ಅವಳು ಎದ್ದು ಹೋದಳು. ಅವ್ವ ಅತ್ತಾಗ ತಲೆ ತಗ್ಗಿಸಿ ಕೂತಿದ್ದ ಆ ಮನುಷ್ಯ ಒಂದು ದಿನವಾದರೂ ನನ್ನ ಮನೆಯಲ್ಲೂ ಹೀಗೇ ಆಗಿದೆ ಎಂದು ಹೇಳಿದ್ದರೆ, ನಾವು ಇಷ್ಟು ವರ್ಷ ಬರೀ ಪಡೆದುಕೊಂಡೇ ಇದ್ದೆವೆಂದು ಆಗಲೇ ಗೊತ್ತಾಗುತ್ತಿತ್ತು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಅಂದು ಒಲೆ ಹಚ್ಚಲಿಲ್ಲ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಪಾಂಡವಪುರಕ್ಕೆ ಹೋಗಿ, ಆ ಹುಡುಗಿಯ ಎದುರು ಕೂತು, ಅವಳ ಕೈ ಹಿಡಿದುಕೊಂಡು, ಸಂಜೆಯವರೆಗೂ ಇದ್ದು ಬಂದಳು. ಏನು ಮಾತಾಡಿದೆ ಎಂದು ಕೇಳಿದರೆ, "ಏನೂ ಇಲ್ಲ ಕಣೆ. ಬಾಯೇ ಬರ್ಲಿಲ್ಲ" ಎಂದಳು.